ಜಿಗಿಯುವ ಮೊದಲು ಇಳಿಯುವುದನ್ನು ಕಲಿಯೋಣ



ರಾಜ್ಯೋತ್ಸವದ ವಾಲಿಬಾಲ್ ಪಂದ್ಯಕ್ಕಾಗಿ ಚಿಪ್ಪಗಿರಿಯ ಹುಡುಗರು ದಿನಾ ಸಂಜೆ ಅಭ್ಯಾಸ ಮಾಡುತ್ತಿದ್ದಾರೆ. ಗಂಡಸರ ನೆಟ್ಟಿನ ಎತ್ತರ 2.43 ಮೀಟರ್. ಜಿಗಿತ ಹೆಚ್ಚಲೆಂದು ಕೆಲವರು ಆಳೆತ್ತರದ ಗೋಡೆಯಿಂದ ಸಿಮೆಂಟ್ ನೆಲಕ್ಕೆ ಹಾರುತ್ತಿದ್ದರು. ನಾನೂ ನಿಂತು ಚಪ್ಪಾಳೆ ತಟ್ಟಿದವನೇ. ಒಬ್ಬ ಹುಡುಗ ಮೊಣಕಾಲು ಊದಿಸಿಕೊಂಡು ಮೂರು ವಾರ ಮನೆಯಲ್ಲಿ ಕೂತ ಮೇಲೆ ನನ್ನ ತಪ್ಪು ತಿಳಿಯಿತು. ಅದಕ್ಕೇ ಈ ನಾಲ್ಕು ಮಾತು.

ಜಿಗಿತ ಹೆಚ್ಚಿಸುವ ಈ ವ್ಯಾಯಾಮಗಳಿಗೆ ಪ್ಲೈಯೊಮೆಟ್ರಿಕ್ಸ್ ಎನ್ನುತ್ತಾರೆ. ಎತ್ತರದಿಂದ ಇಳಿದ ಕೂಡಲೇ ಮೇಲಕ್ಕೆ ಜಿಗಿಯುವ ವಿಧಾನವನ್ನು 1960ರ ದಶಕದಲ್ಲಿ ಬೆಳೆಸಿದವರು ಸೋವಿಯತ್ ತರಬೇತುದಾರ ಯೂರಿ ವೆರ್ಖೊಶಾನ್ಸ್ಕಿ. ಅದು ಪಳಗಿದ ಆಟಗಾರರಿಗಾಗಿ ಮಾಡಿದ್ದು, ಹೊಸಬರಿಗಲ್ಲ.

ಇದರ ಗುಟ್ಟು ತಿಳಿಯಲು ಹೀಗೆ ಮಾಡಿ ನೋಡಿ. ಮೊಣಕಾಲು ಬಗ್ಗಿಸಿ, ಮೂರು ಎಣಿಸಿ, ಜಿಗಿಯಿರಿ. ಆಮೇಲೆ ಎಣಿಸದೆ, ಬಗ್ಗಿದ ಕೂಡಲೇ ಜಿಗಿಯಿರಿ. ಎರಡನೆಯದೇ ತುಸು ಎತ್ತರ ಹೋಗುತ್ತದೆ. ಥಟ್ಟನೆ ಬಗ್ಗಿದಾಗ ಸ್ನಾಯುಗಳೂ ಸ್ನಾಯುರಜ್ಜುಗಳೂ ರಬ್ಬರಿನಂತೆ ಹಿಗ್ಗಿ, ಆ ಬಲವನ್ನು ವಾಪಸು ಕೊಡುತ್ತವೆ. ತಡಮಾಡಿದರೆ ಆ ಬಲ ಪೋಲಾಗುತ್ತದೆ. ಆದ್ದರಿಂದ ಇಲ್ಲಿ ಬೇಕಾದದ್ದು ಚುರುಕು. ದಣಿದು ಜಿಗಿದರೆ ಪ್ರಯೋಜನವಿಲ್ಲ.

ಹೊಸಬರಿಗೆ ಕ್ರಮ ಹೀಗಿರಲಿ:

1. ಮೊದಲ ಎರಡು ವಾರ ಇಳಿಯುವುದನ್ನಷ್ಟೇ ಕಲಿಯಬೇಕು. ಸಣ್ಣದಾಗಿ ಜಿಗಿದು, ಮೊಣಕಾಲು ಬಗ್ಗಿಸಿ, ಸದ್ದಾಗದಂತೆ ಇಳಿಯಬೇಕು. ಮೊಣಕಾಲುಗಳು ಒಳಕ್ಕೆ ವಾಲಬಾರದು.

2. ನಂತರ ನಿಂತಲ್ಲೇ ಜಿಗಿತ. ಐದೈದರಂತೆ ನಾಲ್ಕು ಸುತ್ತು, ನಡುವೆ ಎರಡು ನಿಮಿಷ ವಿಶ್ರಾಂತಿ.

3. ಆಮೇಲೆ ಮೊಣಕಾಲಿಗಿಂತ ತಗ್ಗಾದ ಗಟ್ಟಿ ಕಟ್ಟೆಯ ಮೇಲಕ್ಕೆ ಜಿಗಿತ. ಕೆಳಗೆ ಹಾರಬೇಡಿ, ಹೆಜ್ಜೆ ಇಟ್ಟು ಇಳಿಯಿರಿ.

ವಾರಕ್ಕೆ ಎರಡೇ ದಿನ ಸಾಕು. ನಡುವೆ ಎರಡು ದಿನ ಬಿಡುವಿರಲಿ. ಸಿಮೆಂಟ್ ನೆಲವೂ ಬೇಡ, ಬಿರುಕು ಬಿಟ್ಟ ನಮ್ಮ ಎರೆ ಹೊಲವೂ ಬೇಡ. ಸಮನಾದ ಮೆತ್ತನೆಯ ಮಣ್ಣು ಒಳ್ಳೆಯದು. ನೋವು ಕಂಡರೆ ಅಲ್ಲಿಗೇ ನಿಲ್ಲಿಸಬೇಕು.

ಗೋಡೆಯ ಪಕ್ಕ ನಿಂತು ಕೈ ಎಟುಕಿದಲ್ಲಿ ಒಂದು, ಜಿಗಿದು ಮುಟ್ಟಿದಲ್ಲಿ ಇನ್ನೊಂದು ಸೀಮೆಸುಣ್ಣದ ಗುರುತು ಹಾಕಿ. ನಡುವಿನ ಅಂತರವೇ ನಿಮ್ಮ ಜಿಗಿತ. ತಿಂಗಳಿಗೊಮ್ಮೆ ಅಳೆದು ತಾರೀಖು ಹಾಕಿ ಬರೆದಿಡಿ. ಗುಮಾಸ್ತನಾಗಿದ್ದವನ ಮಾತು, ನಡೆಸಿಕೊಡಿ!

ಕರ್ನಾಟಕದ ಸಹನಾ ಕುಮಾರಿ 2012ರಲ್ಲಿ ಹೈದರಾಬಾದಿನಲ್ಲಿ 1.92 ಮೀಟರ್ ಎತ್ತರ ಜಿಗಿದು ರಾಷ್ಟ್ರೀಯ ದಾಖಲೆ ಬರೆದು, ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಹಳೆಯ ದಾಖಲೆಗಿಂತ ಅದು ಒಂದೇ ಸೆಂಟಿಮೀಟರ್ ಹೆಚ್ಚು. ಒಂದು ಸೆಂಟಿಮೀಟರಿಗೆ ಎಷ್ಟು ತಾಳ್ಮೆ ಬೇಕೆಂದು ನಮ್ಮ ಹುಡುಗರು ಅರಿಯಲಿ.

ಆದೋನಿ, ಆಲೂರು, ಗುಂತಕಲ್ಲಿನ ಸದಸ್ಯರಲ್ಲಿ ದೈಹಿಕ ಶಿಕ್ಷಕರಿದ್ದರೆ ದಯವಿಟ್ಟು ಒಂದು ಸಂಜೆ ಬಂದು ಹೇಳಿಕೊಡಬೇಕೆಂದು ವಿನಂತಿ. ಗೋಡೆಯಿಂದ ಹಾರುವುದು ಮಾತ್ರ ಇಂದಿಗೇ ನಿಲ್ಲಲಿ.

– ಕಾರ್ಯದರ್ಶಿ