ಸೂಲಗಿತ್ತಿಯ ಯೋಗ್ಯತಾಪತ್ರ

ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಅಜ್ಜಿಯಿಂದ ವಿದ್ಯೆ ಕಲಿತು, 15,000ಕ್ಕೂ ಮಿಕ್ಕ ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅವರು ಯಾವ ಪರೀಕ್ಷೆಗೂ ಕುಳಿತವರಲ್ಲ. ಹಾಗಾದರೆ ಯೋಗ್ಯತಾಪತ್ರವೇತಕ್ಕೆ ಎಂದು ಶ್ರೋತೃಗಳು ಕೇಳಬಹುದು. ನರಸಮ್ಮನವರ ಕೈಗುಣಕ್ಕೆ ಇಡೀ ಸೀಮೆಯೇ ಸಾಕ್ಷಿಯಾಗಿತ್ತು. ಪಟ್ಟಣದಲ್ಲಿ ಅಪರಿಚಿತಳೊಬ್ಬಳನ್ನು ಆಶ್ರಯಿಸತಕ್ಕ ಗರ್ಭಿಣಿಗೆ ಆ ಸಾಕ್ಷಿ ಎಲ್ಲಿಯದು?

ಆದರೆ ಪತ್ರಗಳಲ್ಲಿಯೂ ಭೇದವುಂಟು. ಎ.ಎನ್.ಎಂ. ಎಂಬುದು 2 ವರ್ಷದ ಶಿಕ್ಷಣ, ಜಿ.ಎನ್.ಎಂ. 3 ವರ್ಷದ್ದು, ಶುಶ್ರೂಷೆ ಮತ್ತು ಸೂಲಗಿತ್ತಿತನ ಎರಡನ್ನೂ ಒಳಗೊಂಡದ್ದು. ಭಾರತ ಸರ್ಕಾರವು 2018ರಲ್ಲಿ ಹೊಸದೊಂದು ವರ್ಗವನ್ನು ನಿರ್ಮಿಸಿತು: ನೋಂದಾಯಿತ ದಾದಿಯಾಗಿ, ಹೆರಿಗೆ ಮಾಡಿಸಿದ ಅನುಭವವುಳ್ಳವಳು ಮತ್ತೆ 18 ತಿಂಗಳು ತರಬೇತಿ ಪಡೆದು ಸಹಜ ಪ್ರಸವಗಳನ್ನು ತನ್ನ ಹೊಣೆಯಲ್ಲಿಯೇ ನಡೆಸುವಳು. ಈಚೆಗೆ ಕೇಳಿಬರುವ ‘ಡೂಲಾ’ ಎಂಬಾಕೆ ಸೂಲಗಿತ್ತಿಯಲ್ಲ. ಧೈರ್ಯ ಹೇಳಿ ಬೆನ್ನು ನೀವುವ ಸಂಗಾತಿ. ಅದೂ ಬೇಕಾದದ್ದೇ, ಆದರೆ ಬೇರೆಯ ಕೆಲಸ.

ಗೋಡೆಗೆ ತೂಗುಹಾಕಿದ ಚೌಕಟ್ಟನ್ನು ನೋಡಿ ತೃಪ್ತರಾಗಬಾರದು. ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಆಕೆಯ ನೋಂದಣಿ ಈಗಲೂ ಊರ್ಜಿತದಲ್ಲಿದೆಯೇ, ಎಷ್ಟು ಹೆರಿಗೆಗಳನ್ನು ಸ್ವತಃ ಮಾಡಿಸಿದ್ದಾಳೆ ಎಂದು ವಿಚಾರಿಸತಕ್ಕದ್ದು. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಮತ್ತೊಂದು. ಹೆರಿಗೆ ಸಸೂತ್ರವಾಗಿ ಆದಮೇಲೂ ರಕ್ತಸ್ರಾವ ಮಿತಿಮೀರಿದರೆ ಕೆಲವೇ ಗಂಟೆಗಳಲ್ಲಿ ತಾಯಿಯ ಪ್ರಾಣ ಹೋಗಬಹುದು. ಆಗ ಕೊಡತಕ್ಕ ಆಕ್ಸಿಟೋಸಿನ್ ಮದ್ದು ಕೈಯಳತೆಯಲ್ಲಿದೆಯೇ? ರಕ್ತ ಕೊಡಬಲ್ಲ ಆಸ್ಪತ್ರೆ ಯಾವುದು, ಅಲ್ಲಿಗೆ ನಡುರಾತ್ರಿಯಲ್ಲಿ ಒಯ್ಯುವ ವಾಹನ ಯಾರದು? ಬಲ್ಲವಳು ಈ ಪ್ರಶ್ನೆಗೆ ಮುನಿಯಳು. ಆಸ್ಪತ್ರೆಯ ಹೆಸರನ್ನೂ ದಾರಿಯನ್ನೂ ಥಟ್ಟನೆ ಹೇಳುವಳು.