ಕೊನೆಯ ಸಾಲೇ ಹೊಸ ಸಾಲಲ್ಲ

ಶೋಳಿಂಗನಲ್ಲೂರ್ ಚೆನ್ನೈ ಮಹಾನಗರಪಾಲಿಕೆಗೆ ಸೇರಿದ್ದು 2011ರಲ್ಲಿ. ಓಎಂಆರ್ ರಸ್ತೆಯ ಅಕ್ಕಪಕ್ಕ ಐಟಿ ಕಚೇರಿಗಳೂ ಅಪಾರ್ಟ್‌ಮೆಂಟ್‌ಗಳೂ ಎದ್ದ ವೇಗಕ್ಕೆ ನಲ್ಲಿನೀರು ಬರಲಿಲ್ಲ. ಎಷ್ಟೋ ಕಡೆ ಈಗಲೂ ‘ತಣ್ಣಿ ಲಾರಿ’ಯೇ ಗತಿ, ಟ್ಯಾಂಕರಿಗೆ ಅಲ್ಲಿನವರ ಹೆಸರು ಅದು. ಟ್ಯಾಂಕರಿನ ಖರ್ಚು ಹಂಚಲು ಫ್ಲ್ಯಾಟಿಗೊಂದು ಮೀಟರ್, ರೀಡಿಂಗ್ ಬರೆಯಲು ಒಂದು ಎಕ್ಸೆಲ್ ಶೀಟ್. ಫ್ಲ್ಯಾಟ್ ನಂಬರ್, ತಾರೀಕು, ರೀಡಿಂಗ್ ಎಂದು ಮೂರೇ ಕಾಲಂ ಇದೆ ಎಂದುಕೊಳ್ಳಿ. ತಿಂಗಳ ಕೊನೆಗೆ ಪ್ರತಿ ಫ್ಲ್ಯಾಟಿನ ಇತ್ತೀಚಿನ ಸಾಲು ಮಾತ್ರ ಬೇಕು. ಹಗಲಿಡೀ ಕೋಡ್ ಬರೆಯುವವರೂ ಸಂಜೆ ಅಸೋಸಿಯೇಷನ್ನಿನ ಖಜಾಂಚಿಯಾಗಿ ಕೂತಾಗ ಎಡವುವ ಜಾಗ ಇದು.

ನಂಬಿಕೆ: ‘ರಿಮೂವ್ ಡೂಪ್ಲಿಕೇಟ್ಸ್’ ಒತ್ತಿದರೆ ಹಳೆಯದು ಹೋಗಿ ಹೊಸದು ಉಳಿಯುತ್ತದೆ.

ಎಕ್ಸೆಲ್ 2007ರಲ್ಲಿ ಬಂದ ಆ ಗುಂಡಿಗೆ ಹಳತು ಹೊಸತು ಗೊತ್ತಿಲ್ಲ. ಮೇಲಿನಿಂದ ನೋಡುತ್ತ ಬಂದು, ಮೊದಲು ಕಂಡ ಸಾಲನ್ನು ಇಟ್ಟುಕೊಂಡು ಉಳಿದವನ್ನು ಅಳಿಸುತ್ತದೆ. ನಾವು ರೀಡಿಂಗ್ ಬರೆಯುವುದು ಕೆಳಕೆಳಕ್ಕೆ. ಹಾಗಾಗಿ ಉಳಿಯುವುದು ಎಲ್ಲಕ್ಕಿಂತ ಹಳೆಯದು! ಮೊದಲು ತಾರೀಕನ್ನು ಹೊಸದರಿಂದ ಹಳೆಯದಕ್ಕೆ ಸಾರ್ಟ್ ಮಾಡಿ, ಆಮೇಲೆ ಫ್ಲ್ಯಾಟ್ ಕಾಲಮ್ಮಿಗೆ ಮಾತ್ರ ಟಿಕ್ ಹಾಕಿ ಒತ್ತಬೇಕು. ಮೂರಕ್ಕೂ ಟಿಕ್ ಹಾಕಿದರೆ ಏನೂ ಅಳಿಯುವುದಿಲ್ಲ, ತಾರೀಕುಗಳು ಬೇರೆ ಬೇರೆಯಲ್ಲವೇ? ಪವರ್ ಕ್ವೆರಿಯಲ್ಲಿ ಇದೇ ಉಪಾಯ ಕೈಕೊಡಬಹುದು. ಅಲ್ಲಿ ಸಾರ್ಟ್ ಮಾಡಿದ ಕ್ರಮ ಮುಂದಿನ ಹೆಜ್ಜೆಯವರೆಗೆ ನಿಲ್ಲುವ ಖಾತ್ರಿಯಿಲ್ಲ. ನಡುವೆ ‘ಟೇಬಲ್ ಬಫರ್’ ಹಾಕಿ ಅದನ್ನು ಕಟ್ಟಿಹಾಕಬೇಕು.

ವಿಲುಕಪ್ಪಿನದೂ ಇದೇ ಚಾಳಿ, ಮೊದಲು ಸಿಕ್ಕಿದ್ದನ್ನೇ ತಂದುಕೊಡುತ್ತದೆ. ಎಕ್ಸ್‌ಲುಕಪ್ಪಿಗೆ ಕೆಳಗಿನಿಂದ ಹುಡುಕಲು ಹೇಳಬಹುದು, ಆದರೆ ಅದು ಕೊಡುವುದು ಕೊನೆಗೆ ಬರೆದ ಸಾಲನ್ನು. ಯಾರಾದರೂ ಬಿಟ್ಟುಹೋದ ಹಳೆಯ ರೀಡಿಂಗನ್ನು ತಡವಾಗಿ ಸೇರಿಸಿದ್ದರೆ ಅದೇ ‘ಇತ್ತೀಚಿನದು’ ಆಗಿಬಿಡುತ್ತದೆ.

ನಂಬಿಕೆ: ಪಿವಟ್ ಟೇಬಲಿನಲ್ಲಿ ‘ಮ್ಯಾಕ್ಸ್’ ಕೊಟ್ಟರೆ ಕೆಲಸ ಮುಗಿಯಿತು.

ಫ್ಲ್ಯಾಟ್ 304ನ್ನು ನೋಡಿ. ಮಾರ್ಚ್ 31ಕ್ಕೆ ರೀಡಿಂಗ್ 982. ಏಪ್ರಿಲ್ 12ಕ್ಕೆ 990. ಅಂದೇ ಹಳೆಯ ಮೀಟರ್ ಕಳಚಿ ಸೊನ್ನೆಯಿಂದ ಶುರುವಾಗುವ ಹೊಸದನ್ನು ಕೂರಿಸಿದರು. ಏಪ್ರಿಲ್ 30ಕ್ಕೆ ಹೊಸ ಮೀಟರಿನಲ್ಲಿ 11. ಪಿವಟ್ ಟೇಬಲ್ ಕೊಡುವ ಉತ್ತರ: ಏಪ್ರಿಲ್ 30, ರೀಡಿಂಗ್ 990. ಇಂಥ ಸಾಲು ಶೀಟಿನಲ್ಲಿ ಎಲ್ಲೂ ಇಲ್ಲ. ತಲೆ ಒಂದರದು, ಮುಂಡ ಇನ್ನೊಂದರದು. ಪಿವಟ್ ಪ್ರತಿ ಕಾಲಮ್ಮಿನ ಗರಿಷ್ಠವನ್ನು ಬೇರೆಬೇರೆಯಾಗಿ ಹೆಕ್ಕುತ್ತದೆಯೇ ಹೊರತು ಸಾಲನ್ನು ಇಡಿಯಾಗಿ ಎತ್ತುವುದಿಲ್ಲ.

ನನಗೆ ಹಿಡಿಸಿದ ದಾರಿ ಹಳೆಯದು, ಕೌಂಟಿಫ್ಸ್. ಪಕ್ಕದಲ್ಲೊಂದು ಹೊಸ ಕಾಲಂ ಹಾಕಿ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿ: ಇದೇ ಫ್ಲ್ಯಾಟಿಗೆ ಇದಕ್ಕಿಂತ ಮುಂದಿನ ತಾರೀಕಿನ ಸಾಲು ಎಷ್ಟಿವೆ? ಉತ್ತರ 0 ಬಂದ ಸಾಲೇ ಇತ್ತೀಚಿನದು. 0 ಇರುವವನ್ನು ಮಾತ್ರ ಫಿಲ್ಟರ್ ಮಾಡಿ. ಎಕ್ಸೆಲ್ 2019 ಅಥವಾ ಅದಕ್ಕಿಂತ ಹೊಸದಿದ್ದವರು ಮ್ಯಾಕ್ಸ್‌ಇಫ್ಸ್‌ನಿಂದಲೂ ಇದನ್ನೇ ಮಾಡಬಹುದು. ಒಂದೇ ದಿನ ಎರಡು ರೀಡಿಂಗ್ ಇದ್ದರೆ ಎರಡಕ್ಕೂ 0 ಬರುತ್ತದೆ. ಗಂಟೆಯನ್ನೂ ಬರೆದಿಟ್ಟಿದ್ದರೆ ಈ ತಕರಾರಿಲ್ಲ.

ನಂಬಿಕೆ: ತಾರೀಕಿನಂತೆ ಕಾಣುವುದೆಲ್ಲ ತಾರೀಕು.

ಎಕ್ಸೆಲ್‌ಗೆ ತಾರೀಕು ಎಂದರೆ ಒಂದು ಸಂಖ್ಯೆ. 1900ರ ಜನವರಿ 1 ಅದಕ್ಕೆ 1, 2025ರ ಜನವರಿ 1 ಅದಕ್ಕೆ 45658. ಅಮೆರಿಕದ ಕ್ಲೈಂಟಿಗೆ ದುಡಿಯುವ ಲ್ಯಾಪ್‌ಟಾಪಿನಲ್ಲಿ ತಿಂಗಳು ಮೊದಲು, ದಿನ ಆಮೇಲೆ ಎಂಬ ಸೆಟ್ಟಿಂಗ್ ಇರುವುದು ಓಎಂಆರ್‌ನಲ್ಲಿ ಅಪರೂಪವೇನಲ್ಲ. ಅದರಲ್ಲಿ 05/04/2025 ಎಂದು ಟೈಪಿಸಿದರೆ ನಿಮ್ಮ ಏಪ್ರಿಲ್ 5 ಸದ್ದಿಲ್ಲದೆ ಮೇ 4 ಆಗುತ್ತದೆ. 30/04/2025 ಎಂದರೆ ಮೂವತ್ತನೆಯ ತಿಂಗಳು ಇಲ್ಲವಾದ್ದರಿಂದ ಅದು ಬರೀ ಅಕ್ಷರವಾಗಿ ಉಳಿಯುತ್ತದೆ, ಮ್ಯಾಕ್ಸ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೊನೆಗೆ ಏಪ್ರಿಲ್ 5ರ ರೀಡಿಂಗೇ ‘ಇತ್ತೀಚಿನದು’! ಅಲೈನ್‌ಮೆಂಟ್ ಮುಟ್ಟದ ಶೀಟಿನಲ್ಲಿ ನಿಜವಾದ ತಾರೀಕು ಬಲಕ್ಕೆ, ಅಕ್ಷರ ಎಡಕ್ಕೆ ನಿಂತಿರುತ್ತದೆ. ಫಾರ್ಮುಲಾ ಬರೆಯುವ ಮೊದಲು ಆ ಕಾಲಮ್ಮಿನ ಮೇಲೆ ಒಮ್ಮೆ ಕಣ್ಣಾಡಿಸಿ. ಎಡಕ್ಕೆ ನಿಂತದ್ದು ಒಂದು ಕಂಡರೂ ಬಲಕ್ಕಿರುವವನ್ನೂ ಅನುಮಾನಿಸಿ.

ನಂಬಿಕೆ: ಇತ್ತೀಚಿನದು ಸಿಕ್ಕಮೇಲೆ ಹಳೆಯ ಸಾಲು ಕಸ.

ನಮ್ಮೂರಿನ ಪಹಣಿ ನೆನಪಿಸಿಕೊಳ್ಳಿ. ಜಮೀನು ಇವತ್ತು ಯಾರ ಹೆಸರಿನಲ್ಲಿದೆ ಎಂಬುದು ಅದರಲ್ಲಿದೆ. ಆ ಹೆಸರು ಅಲ್ಲಿಗೆ ಹೇಗೆ ಬಂತೆಂದು ತಿಳಿಯಲು ಮ್ಯುಟೇಶನ್ ದಾಖಲೆಯನ್ನೇ ತೆಗೆಯಬೇಕು. ನೀರಿನ ಶೀಟಿಗೂ ಅದೇ ನ್ಯಾಯ. ಆದ್ದರಿಂದ ಫಿಲ್ಟರ್ ಮಾಡಿ, ಅಳಿಸಬೇಡಿ. ಅಳಿಸಲೇಬೇಕಿದ್ದರೆ ನಕಲಿನಲ್ಲಿ ಅಳಿಸಿ. 304ರ ಏಪ್ರಿಲ್ ಬಳಕೆ ಹಳೆಯ ಮೀಟರಿನ 990ರಿಂದ 982 ಕಳೆದ 8, ಹೊಸ ಮೀಟರಿನ 11, ಒಟ್ಟು 19 ಸಾವಿರ ಲೀಟರ್. ಕೊನೆಯ ಸಾಲೊಂದನ್ನೇ ಉಳಿಸಿಕೊಂಡ ಖಜಾಂಚಿಯ ಶೀಟಿನಲ್ಲಿ ಅದು 11.