ತಾಂಡಾದ ಮಕ್ಕಳು ಮತ್ತು ಜಂತುಹುಳುವಿನ ಬಾಧೆ

ದೀಪಾವಳಿ ಕಳೆಯಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗದ ಲಂಬಾಣಿ ತಾಂಡಾಗಳಲ್ಲಿ ಅನೇಕ ಮನೆಗಳಿಗೆ ಬೀಗ ಬೀಳುತ್ತದೆ. ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆಗೆ ಹೊರಡುವ ತಂದೆತಾಯಿಗಳೊಡನೆ ಎಳೆಯ ಮಕ್ಕಳೂ ಹೋಗುತ್ತಾರೆ. ಮರಳಿ ಬರುವುದು ಬೇಸಿಗೆಯ ಹೊತ್ತಿಗೆ. ಈ ನಡುವೆ ಅವರಿಗೆ ತಪ್ಪಿಹೋಗುವುದು ಪಾಠವಷ್ಟೇ ಅಲ್ಲ, ಒಂದು ಸಣ್ಣ ಗುಳಿಗೆಯೂ ತಪ್ಪಿಹೋಗಬಹುದು.

ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವು 2015ರ ಫೆಬ್ರವರಿ 10ರಂದು ಆರಂಭವಾಯಿತು. 1ರಿಂದ 19 ವರ್ಷದವರಿಗೆ ಅಂಗನವಾಡಿ ಮತ್ತು ಶಾಲೆಗಳಲ್ಲಿ 400 ಮಿಲಿಗ್ರಾಂನ ಆಲ್ಬೆಂಡಜೋಲ್ ಗುಳಿಗೆಯನ್ನು ನೀಡಲಾಗುತ್ತದೆ. ಎರಡು ವರ್ಷದೊಳಗಿನವರಿಗೆ ಅರ್ಧ ಗುಳಿಗೆ. ಫೆಬ್ರವರಿಯ ಸುತ್ತು ನಡೆಯುವಾಗ ಕಬ್ಬಿನ ಹಂಗಾಮು ಇನ್ನೂ ಮುಗಿದಿರುವುದಿಲ್ಲ. ಯಾರಿಗೆ ಗುಳಿಗೆಯ ಅಗತ್ಯ ಹೆಚ್ಚೋ ಅವರೇ ಆಗ ಊರಿನಲ್ಲಿರುವುದಿಲ್ಲ.

ಜಂತುಹುಳು ಬೆಲ್ಲ ತಿಂದುದರಿಂದ ಹುಟ್ಟುವುದಿಲ್ಲ. ಬಯಲಿನಲ್ಲಿ ಬಿದ್ದ ಮಲದ ಮೂಲಕ ಅದರ ಮೊಟ್ಟೆಗಳು ಮಣ್ಣನ್ನು ಸೇರುತ್ತವೆ. ದುಂಡುಹುಳುವಿನ ಮೊಟ್ಟೆಗಳು ತೊಳೆಯದ ಕೈ ಹಾಗೂ ಕಾಯಿಪಲ್ಯದಿಂದ ಬಾಯಿಗೆ ಬರುತ್ತವೆ. ಕೊಕ್ಕೆಹುಳುವಿನ ಮರಿಗಳಾದರೋ ತೇವದ ನೆಲದಲ್ಲಿ ಬೆಳೆದು, ಬರಿಗಾಲಿನ ಚರ್ಮವನ್ನೇ ಭೇದಿಸಿ ಒಳಸೇರುತ್ತವೆ. ಕೊನೆಗೆ ಕರುಳಿನ ಗೋಡೆಗೆ ಅಂಟಿ ರಕ್ತ ಹೀರುತ್ತವೆ. ರಕ್ತಹೀನತೆಯಿಂದ ಮಗು ಕಳೆಗುಂದುತ್ತದೆ. ಓದು, ಆಟ ಎರಡರಲ್ಲೂ ಹಿಂದೆ ಬೀಳುತ್ತದೆ. ಗರ್ಭಿಣಿಗೆ ಇದು ಇನ್ನೂ ಅಪಾಯಕರ. ಶೌಚಾಲಯವಿಲ್ಲದ, ನೀರಿಗೂ ಕೊರತೆಯಿರುವ ಕಬ್ಬಿನ ಗದ್ದೆಯ ಬದಿಯ ಗುಡಿಸಲಿನಲ್ಲಿ ಈ ಎಲ್ಲ ಕಾರಣಗಳೂ ಒಂದೆಡೆ ಕೂಡುತ್ತವೆ.

ಗುಳಿಗೆಯು ಹೊಟ್ಟೆಯಲ್ಲಿರುವ ಹುಳುಗಳನ್ನು ಕೊಲ್ಲಬಲ್ಲದು, ಮಣ್ಣಿನಲ್ಲಿರುವುದನ್ನಲ್ಲ. ನೆಲ ಶುದ್ಧವಾಗದಿದ್ದರೆ ಕೆಲವೇ ತಿಂಗಳುಗಳಲ್ಲಿ ಸೋಂಕು ಮರುಕಳಿಸುತ್ತದೆ.

ಇದು ಕೈಲಾಗದ ಕೆಲಸವೇ? ಉತ್ತರ ಕರ್ನಾಟಕದ ಹಿರಿಯರಿಗೆ ನಾರುಹುಣ್ಣಿನ ನೆನಪಿರಬಹುದು. ಮೆಟ್ಟಿಲು ಬಾವಿಯ ನೀರು ಕುಡಿದವರ ಕಾಲಿನಿಂದ ವರ್ಷದ ಬಳಿಕ ಮಾರುದ್ದದ ಹುಳು ಹೊರಬರುತ್ತಿತ್ತು. ಅದಕ್ಕೆ ಲಸಿಕೆಯಿರಲಿಲ್ಲ, ಗುಣಪಡಿಸುವ ಔಷಧಿಯೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿದ್ದರಿಂದ, ಕೊಳವೆಬಾವಿ ತೋಡಿದ್ದರಿಂದ, ಮನೆಮನೆಗೆ ತಿಳಿವಳಿಕೆ ನೀಡಿದ್ದರಿಂದ ಅದು ನಿರ್ಮೂಲವಾಯಿತು. ದೇಶದ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಅದರಿಂದ ಮುಕ್ತವೆಂದು ಘೋಷಿಸಿತು. ಔಷಧಿಯಿಲ್ಲದ ರೋಗವನ್ನೇ ಗೆದ್ದ ಜನರಿಗೆ ಔಷಧಿಯಿರುವ ರೋಗ ಅಸಾಧ್ಯವೇನಲ್ಲ.

ಆದುದರಿಂದ ಊರಿನಲ್ಲಿರುವ ನಾವು ಮಾಡಬಹುದಾದುದುಂಟು. ವಲಸೆ ಹೊರಡುವ ಮುನ್ನವೇ ಮಕ್ಕಳ ಹೆಸರನ್ನು ಆಶಾ ಕಾರ್ಯಕರ್ತೆಗೆ ತಿಳಿಸೋಣ. ಮರಳಿದ ಕೂಡಲೇ ತಪ್ಪಿದ ಗುಳಿಗೆಯ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸೋಣ. ಆಗಸ್ಟ್ ಸುತ್ತಿನಲ್ಲಿ ಒಬ್ಬರೂ ಬಿಟ್ಟುಹೋಗದಂತೆ ನೋಡೋಣ. ಕಬ್ಬು ಕಡಿಸಿಕೊಳ್ಳುವವರು ಕೂಲಿಯೊಡನೆ ಶೌಚಾಲಯವನ್ನೂ ಶುದ್ಧ ನೀರನ್ನೂ ಒದಗಿಸಲಿ. ಸಕ್ಕರೆಯ ಸಿಹಿ ನಮ್ಮೆಲ್ಲರ ಮನೆಗಳಿಗೂ ಬರುತ್ತದೆ. ಅದನ್ನು ಬೆಳೆದ ನೆಲದಲ್ಲಿ ಬರಿಗಾಲಲ್ಲಿ ಆಡುವ ಮಗುವಿಗೆ ಒಂದು ಜೊತೆ ಚಪ್ಪಲಿಯಾದರೂ ನಮ್ಮಿಂದ ಸಲ್ಲಬೇಡವೇ?